ಒಂದು ಕೈಗೆ ಎರಡು ಲೆಕ್ಕ

ಚನ್ನರಾಯಪಟ್ಟಣವೆಂದೊಡನೆ ಓದುಗರಲ್ಲಿ ಅನೇಕರಿಗೆ ಹಾಸನ ಜಿಲ್ಲೆಯ ಊರು ನೆನಪಾಗಬಹುದು. ನಾನು ಹೇಳಹೊರಟಿರುವುದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಮಾತು. 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ಸೀಮೆಯಲ್ಲಿ ಕಟ್ಟಡದ ಕೆಲಸ ಹೆಚ್ಚಿತು. ಅಂಥ ಕೆಲಸಕ್ಕೆ ಹೋಗುತ್ತಿದ್ದ ಗಾರೆಯವನೊಬ್ಬನು ಒಂದು ಸಂಜೆ ಕಾಗದಗಳ ಚೀಲವನ್ನು ಹಿಡಿದು ನಮ್ಮ ಮನೆಗೆ ಬಂದನು.

“ಮೇಷ್ಟ್ರೇ, ನನ್ನ ಕೈ ಎಷ್ಟು ಕೆಟ್ಟೈತೆ ಅಂತ ಇದ್ರಾಗೆ ಬರ್ದವ್ರಂತೆ. ವಸಿ ಓದಿ ಹೇಳಿ.”

2022ರಲ್ಲಿ ಅವನು ಸಾರವೆಯಿಂದ ಬಿದ್ದು ಬಲಗೈಯ ಮಣಿಕಟ್ಟನ್ನು ಮುರಿದುಕೊಂಡಿದ್ದನು. ಆಗ ಅವನಿಗೆ ನಲವತ್ತು ವರ್ಷ. ಚೀಲದಲ್ಲಿ ಎರಡು ವೈದ್ಯಪತ್ರಗಳಿದ್ದುವು. ಒಂದರಲ್ಲಿ ನಷ್ಟ ಶೇಕಡ 30 ಎಂದಿತ್ತು. ವಿಮೆಯವರ ಪರವಾಗಿ ಪರೀಕ್ಷಿಸಿದ ವೈದ್ಯರದರಲ್ಲಿ ಶೇಕಡ 8. ಜೊತೆಗೆ ‘ಹಗುರವಾದ ಕೆಲಸಕ್ಕೆ ಯೋಗ್ಯ’ ಎಂಬ ಷರಾ. ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಾರೆ ಕೆಲ್ಸದಾಗೆ ಹಗುರದ್ದು ಯಾವ್ದು ಸ್ವಾಮಿ?” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಎರಡು ಅಂಕಿಗಳ ನಡುವೆ ಒಂದು ಸಂಸಾರದ ಅನ್ನವಿದೆ. ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯಿದೆಯಂತೆ ತಿಂಗಳ ಕೂಲಿಯ ಶೇಕಡ 60ನ್ನು ವಯಸ್ಸಿಗೆ ಗೊತ್ತಾದ ಗುಣಕದಿಂದ ಗುಣಿಸಬೇಕು. ನಲವತ್ತಕ್ಕೆ ಆ ಗುಣಕ 184.17. ಕೂಲಿ 15,000 ರೂಪಾಯಿಯೆಂದರೆ ಪೂರ್ಣ ಮೊತ್ತ 16,57,530 ರೂಪಾಯಿ. ಶೇಕಡ 30ಕ್ಕೆ 4,97,259 ರೂಪಾಯಿ. ಶೇಕಡ 8ಕ್ಕೆ 1,32,602 ರೂಪಾಯಿ. ವ್ಯತ್ಯಾಸ ಮೂರೂವರೆ ಲಕ್ಷಕ್ಕೂ ಮಿಕ್ಕಿದ್ದು.

ಹಾಗಾದರೆ ವೈದ್ಯರಲ್ಲೊಬ್ಬರು ಸುಳ್ಳು ಬರೆದರೇ? ಹಾಗೆ ತಿಳಿಯಬೇಕಾದುದಿಲ್ಲ. ಮಣಿಕಟ್ಟು ಎಷ್ಟು ಬಾಗುತ್ತದೆಂಬುದು ಒಂದು ಅಳತೆ. ಆ ಕೈಯಿಂದ ಅವನು ಎಷ್ಟು ದುಡಿಯಬಲ್ಲನೆಂಬುದು ಇನ್ನೊಂದು. ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ಶೇಕಡ 30 ಎಂಬಂತೆ ಕೆಲವು ಗಾಯಗಳಿಗೆ ಲೆಕ್ಕ ಗೊತ್ತುಮಾಡಿದೆ. ಅಲ್ಲಿ ಹೆಸರಿಸದ ಗಾಯವಾದರೆ ಗಳಿಕೆಯ ಶಕ್ತಿ ಎಷ್ಟು ಕುಂದಿತೆಂಬುದನ್ನು ವೈದ್ಯರೇ ಅಂದಾಜು ಮಾಡಬೇಕು. ವಿವಾದವೆಲ್ಲ ಹುಟ್ಟುವುದು ಇಲ್ಲಿಯೇ. ಬೆರಳು ಸೆಟೆದರೆ ಉಪನ್ಯಾಸಕನಾದ ನನ್ನ ಸಂಬಳ ನಿಲ್ಲದು. ಕರಣೆ ಹಿಡಿಯುವವನಿಗೆ ಅದೇ ಸರ್ವನಾಶ.

ಈ ಭೇದವನ್ನು ಸರ್ವೋಚ್ಚ ನ್ಯಾಯಾಲಯವು ಬಹು ಹಿಂದೆಯೇ ಮನಗಂಡಿತು. 1968ರಲ್ಲಿ ಒರಿಸ್ಸಾದ ಚಿತ್ರಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬನು ಬಿದ್ದು ಎಡಗೈಯನ್ನು ಕಳೆದುಕೊಂಡನು. ಇದು ಭಾಗಶಃ ನಷ್ಟವೇ ಹೊರತು ಪೂರ್ಣವಲ್ಲವೆಂದು ಮಾಲೀಕನು ವಾದಿಸಿದನು. ಒಂದೇ ಕೈಯಲ್ಲಿ ಬಡಗಿಯ ಕೆಲಸ ಸಾಗದಾದುದರಿಂದ ನಷ್ಟವು ನೂರಕ್ಕೆ ನೂರು ಎಂದ ತೀರ್ಪನ್ನು ನ್ಯಾಯಾಲಯವು 1975ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು.

ಕರ್ನಾಟಕದ ಕೆಲಸಗಾರರ ಮೇಲ್ಮನವಿಯೊಂದು 2016ರಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದಿತು. ಪರಿಹಾರದ ಆಯುಕ್ತರು ಸಾಕ್ಷ್ಯವನ್ನು ನೋಡಿ ನಿರ್ಧರಿಸಿದ್ದ ನಷ್ಟದ ಪ್ರಮಾಣವನ್ನು ಉಚ್ಚ ನ್ಯಾಯಾಲಯವು ತಗ್ಗಿಸಿತ್ತು. ಸಂಗತಿಗಳ ಮಟ್ಟಿಗೆ ಆಯುಕ್ತರ ಮಾತೇ ಕೊನೆಯದು. ಕಾನೂನಿನ ಮಹತ್ವದ ಪ್ರಶ್ನೆಯಿದ್ದಲ್ಲಿ ಮಾತ್ರ ಮೇಲಿನವರು ಕೈಹಾಕಬಹುದೆಂದು ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಆದುದರಿಂದ ಮೊದಲ ವಿಚಾರಣೆಯಲ್ಲಿಯೇ ಎಲ್ಲವನ್ನೂ ಸರಿಯಾಗಿ ಹೇಳುವುದು ಅಗತ್ಯ.

1923ರ ಕಾಯಿದೆಯ ಸ್ಥಾನಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕಾಯಿದೆಯ ಹೆಸರು ಬದಲಾಯಿತು. ಕೈ ಕೆಟ್ಟವನು ಎಷ್ಟು ಗಳಿಸಬಲ್ಲನೆಂಬ ಪ್ರಶ್ನೆ ಬದಲಾಗಲಿಲ್ಲ.

ಗಾರೆಯವನಿಗೆ ನಾನು ಹೇಳಿದುದು ಇಷ್ಟೇ: “ಎಕ್ಸ್‌ರೇ, ಆಸ್ಪತ್ರೆಯ ಚೀಟಿ ಒಂದನ್ನೂ ಕಳೆಯಬೇಡಪ್ಪ. ವೈದ್ಯರನ್ನು ಸಾಕ್ಷಿಗೆ ಕರೆಸುವಂತೆ ವಕೀಲರಿಗೆ ಹೇಳು. ನೀನು ಮಾಡುತ್ತಿದ್ದ ಕೆಲಸ ಎಂಥದೆಂಬುದನ್ನು ಬಿಡಿಸಿ ಹೇಳು. ಕೂಲಿ ಕೊಟ್ಟ ಲೆಕ್ಕವಿದ್ದರೆ ಅದನ್ನೂ ಇಟ್ಟುಕೊ.”

ಕೊನೆಯ ಮಾತಿಗೆ ಅವನು ನಕ್ಕನು. ಅವನಿಗೆ ಕೂಲಿಯ ಚೀಟಿಯನ್ನು ಯಾರೂ ಕೊಟ್ಟಿರಲಿಲ್ಲ. ಮನೆ ಕಟ್ಟಿಸುವ ನಾವು ಸಿಮೆಂಟಿಗೆ, ಕಬ್ಬಿಣಕ್ಕೆ ರಸೀತಿಯನ್ನು ಕೇಳಿ ಪಡೆಯುತ್ತೇವೆ; ದುಡಿದ ಕೈಗೆ ಒಂದು ಚೀಟಿಯನ್ನು ಬರೆದುಕೊಡುವುದಿಲ್ಲ. ನನ್ನ ಮನೆಯನ್ನು ಕಟ್ಟಿಸಿದಾಗ ನಾನೂ ಕೊಟ್ಟಿರಲಿಲ್ಲ.