ಪೆಟ್ರೋಲ್ ಸ್ಟೇಷನ್ ವ್ಯಾಗನ್: ಸ್ಥಳವೆಷ್ಟು, ಭಾರವೆಷ್ಟು?

ಮನೆಮಂದಿಗೆ ಕಾರು, ಸಂತೆಯ ದಿನ ಸರಕಿನ ಗಾಡಿ ಎಂಬ ಆಸೆಯಿಂದ ಹಳೆಯ ಸ್ಟೇಷನ್ ವ್ಯಾಗನ್ ಕೊಳ್ಳಬಯಸುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ವರ್ತಕರು ಮೊದಲು ತೂಕದ ಲೆಕ್ಕ ಹಾಕುವುದು ಲೇಸು.

ತಯಾರಿಕೆ ಎಂದೋ ನಿಂತಿರುವ ಮಾರುತಿ ಬಲೆನೊ ಆಲ್ಟುರಾವನ್ನೇ ನೋಡಬಹುದು. ಎಂಜಿನ್ 1590 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್; ಸುಮಾರು 94 ಅಶ್ವಶಕ್ತಿ. ಗಾಲಿಗಳ ನಡುವಿನ ಅಂತರ 2480 ಮಿ.ಮೀ. ಹೆದ್ದಾರಿಯ ಓಟಕ್ಕೆ ಈ ಶಕ್ತಿ ಧಾರಾಳ.

ತೊಡಕಿರುವುದು ಬೇರೆಡೆ. ಹಿಂದಿನ ಆಸನ ಮಡಿಸಿದರೆ ಸ್ಥಳ ಹೆಚ್ಚುತ್ತದೆಯೇ ಹೊರತು ಹೊರುವ ಸಾಮರ್ಥ್ಯ ಹೆಚ್ಚದು. ಉದಾಹರಣೆಗೆ, ಕೈಪಿಡಿಯಲ್ಲಿ 400 ಕಿ.ಗ್ರಾಂ. ಭಾರಕ್ಕೆ ಅನುಮತಿ ಇದ್ದರೆ, ತಲಾ 70 ಕಿ.ಗ್ರಾಂ. ತೂಗುವ ಇಬ್ಬರು ಕುಳಿತ ಮೇಲೆ ಉಳಿಯುವುದು 260. ಅಂದರೆ 50 ಕಿ.ಗ್ರಾಂ.ನ ಐದೇ ಚೀಲ. ಸಿದ್ಧ ಉಡುಪಿನ ಗಂಟುಗಳಾದರೆ ಮೊದಲು ಸ್ಥಳ ತುಂಬುತ್ತದೆ, ಜೋಳವೋ ಇಂಡಿಯ ನಿಂಬೆಯೋ ಆದರೆ ಮೊದಲು ತೂಕ ಮುಗಿಯುತ್ತದೆ. ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ. ಎಂಜಿನ್ ತಿರುಗಿಸುವುದು ಮುಂದಿನ ಗಾಲಿಗಳನ್ನು. ಹಿಂಭಾಗಕ್ಕೆ ಅತಿಭಾರ ಹೇರಿದರೆ ಅವುಗಳ ಹಿಡಿತ ಸಡಿಲಗೊಂಡು ಮಳೆಗಾಲದ ಎರೆಮಣ್ಣಿನ ದಾರಿಯಲ್ಲಿ ನಿಂತಲ್ಲೇ ಸುತ್ತುತ್ತವೆ.

ಇಂಧನವೂ ಸಣ್ಣ ಮಾತಲ್ಲ. 100 ಕಿ.ಮೀ. ಓಟದಲ್ಲಿ ಲೀಟರಿಗೆ 13 ಕಿ.ಮೀ. ಬಂದರೆ ಎಂಟು ಲೀಟರಿನೊಳಗೆ ಮುಗಿಯುವುದು, 10 ಬಂದರೆ ಹತ್ತು ಲೀಟರ್ ಕೇಳುತ್ತದೆ.

ಖಾಸಗಿ ನೋಂದಣಿಯ ಕಾರಿನಲ್ಲಿ ಬಾಡಿಗೆಗೆ ಸರಕು ಸಾಗಿಸುವಂತಿಲ್ಲ. ಹದಿನೈದು ವರ್ಷ ಮೀರಿದ ವಾಹನಕ್ಕೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಹಿಂಬಾಗಿಲು, ಅದರ ಗಾಜು, ಹಿಂದಿನ ದೀಪಗಳು ಸೆಡಾನ್ ಮಾದರಿಯವಲ್ಲ. ಮುಂಗಡ ಕೊಡುವ ಮೊದಲೇ ಅವು ಸಿಗುವುದೆಲ್ಲಿ ಎಂದು ವಿಚಾರಿಸಿಕೊಳ್ಳಬೇಕು.