ಕಾಶಿಯ ನೇಕಾರಗೇರಿಗಳು ಮತ್ತು ‘ಮುರ್ರೀ ಬಂದ್’

ಕನ್ನಡನಾಡಿನ ಯಾತ್ರಿಕರಿಗೆ ಕಾಶಿಯ ಜಂಗಮವಾಡಿ ಮಠ ಚಿರಪರಿಚಿತ. ಅದರ ನೆರೆಯ ಮದನಪುರವು ರೇಷ್ಮೆ ಸೀರೆಯ ವರ್ತಕರ ನೆಲೆ. ಆ ಸೀರೆಗಳನ್ನು ನೇಯುವವರಲ್ಲಿ ಅನೇಕರು ನೆಲೆಸಿರುವುದು ನಗರದ ಅಂಚಿನ ಬಜರಡೀಹಾದಂತಹ ಕೇರಿಗಳಲ್ಲಿ. ಯಾತ್ರಿಕರು ಅತ್ತ ಸುಳಿಯುವುದು ವಿರಳ. ಇಕ್ಕಟ್ಟಾದ ಓಣಿಗಳು, ತುಂಬಿ ಹರಿಯುವ ಚರಂಡಿ, ಮಗ್ಗಕ್ಕೂ ಅಡುಗೆಗೂ ನಿದ್ರೆಗೂ ಒಂದೇ ಸೂರು. ಹೊರಗಿನವರು ಇದನ್ನು ಕೊಳಗೇರಿಯೆಂದು ಕರೆದು ಸುಮ್ಮನಾಗುವರು. ಆ ಪದವು ವಸತಿಯ ದುಃಸ್ಥಿತಿಯನ್ನು ಹೇಳುತ್ತದೆಯೇ ಹೊರತು ಸಮುದಾಯದ ಕಟ್ಟನ್ನಲ್ಲ.

ಇಲ್ಲಿನ ಅನ್ಸಾರಿ ನೇಕಾರರು ಬಾಈಸೀ, ಬಾವನೀ ಮೊದಲಾದ ಪಂಚಾಯತಿಗಳಲ್ಲಿ ಸಂಘಟಿತರು, ಅವುಗಳಿಗೆ ಸರದಾರರುಂಟು. ಎಲ್ಲ ಮಗ್ಗಗಳನ್ನೂ ಒಮ್ಮೆಗೇ ನಿಲ್ಲಿಸುವ ಕರೆಗೆ ‘ಮುರ್ರೀ ಬಂದ್’ ಎಂದು ಹೆಸರು. ಮಗ್ಗ ನಿಂತ ದಿನ ಗಳಿಕೆಯಿಲ್ಲ. ಆದರೂ ಕರೆಗೆ ಕೇರಿಗಳು ಓಗೊಡುತ್ತವೆ. ಅಗಹನ, ಎಂದರೆ ಮಾರ್ಗಶಿರ ಮಾಸದ ಒಂದು ಶುಕ್ರವಾರ ಮಗ್ಗಗಳೆಲ್ಲ ಮೌನವಾಗಿ, ನೇಕಾರರು ಈದ್ಗಾದಲ್ಲಿ ನೆರೆದು ದುಡಿಮೆಗೆ ಬರಕತ್ತನ್ನು ಬೇಡುವರು. ಹಿಂದೊಮ್ಮೆ ಬರಗಾಲದಲ್ಲಿ ಇಂತಹ ಪ್ರಾರ್ಥನೆಯಿಂದ ಮಳೆಯಾಯಿತೆಂಬುದು ಐತಿಹ್ಯ. ಮರಳುವಾಗ ಹಳ್ಳಿಗಳ ಹಿಂದೂ ರೈತರು ತಂದ ಹೊಸ ಕಬ್ಬನ್ನು ಕೊಂಡು ಮನೆಗೊಯ್ಯುವರು. ರೈತನ ಫಸಲೂ ನೇಕಾರನ ಹಾರೈಕೆಯೂ ಅಲ್ಲಿ ಸಂಧಿಸುತ್ತವೆ.

ಪ್ರಾರ್ಥನೆಗೆ ಒದಗಿದ ಅದೇ ಶಿಸ್ತು ಹಕ್ಕೊತ್ತಾಯಕ್ಕೂ ಒದಗಿತು. ಕೈಮಗ್ಗದ ಸ್ಥಾನವನ್ನು ಬಹುಮಟ್ಟಿಗೆ ವಿದ್ಯುತ್ ಮಗ್ಗ ಆಕ್ರಮಿಸಿದ ಮೇಲೆ ವಿದ್ಯುತ್ತಿನ ದರವೇ ಅನ್ನದ ಪ್ರಶ್ನೆಯಾಯಿತು. ಉತ್ತರ ಪ್ರದೇಶ ಸರಕಾರವು 2006ರಲ್ಲಿ ತಂದಿದ್ದ ನಿಗದಿತ ದರದ ವ್ಯವಸ್ಥೆಯನ್ನು ಕೈಬಿಡಹೊರಟಾಗ, 2020ರಲ್ಲಿ, ಕೊರೋನಾ ದಿಗ್ಬಂಧನದಿಂದ ಆಗಲೇ ಬಸವಳಿದಿದ್ದ ನೇಕಾರರು ಮತ್ತೆ ಮುರ್ರೀ ಬಂದ್ ಸಾರಿದರು.