ಹುತ್ತ ಮತ್ತು ಗೆದ್ದಲು: ಬಯಲುಸೀಮೆಯ ಜನಪದ ತಿಳಿವಳಿಕೆಯ ಒಂದು ಪರಿಶೀಲನೆ

ಬಯಲುಸೀಮೆಯ ಕೆಂಪು ನೆಲದ ಹೊಲಗಳಲ್ಲಿ, ಬದುಗಳ ಮೇಲೆ, ಮರಗಳ ಬುಡದಲ್ಲಿ ಕಂಡುಬರುವ ಹುತ್ತವು ಜಾನಪದ ವಿದ್ವಾಂಸರಿಗೆ ಹೊಸ ವಿಷಯವೇನಲ್ಲ. ನಾಗರ ಪಂಚಮಿಯಂದು ಹಾಲೆರೆಯುವ ಆಚರಣೆ, ಕೆಲವು ಸಮುದಾಯಗಳ ಮದುವೆಯಲ್ಲಿ ಹುತ್ತದ ಮಣ್ಣು ತರುವ ಶಾಸ್ತ್ರ, ಹುತ್ತದಿಂದ ದೈವ ಪ್ರಕಟವಾದ ಐತಿಹ್ಯಗಳು ಸಾಕಷ್ಟು ಸಂಗ್ರಹಗೊಂಡಿವೆ. ಆದರೆ ಈ ಸಂಗ್ರಹಗಳಲ್ಲಿ ಹುತ್ತವು ಹಾವಿನ ಮನೆಯಾಗಿ ಕಾಣಿಸಿಕೊಂಡಷ್ಟು ಗೆದ್ದಲಿನ ದುಡಿಮೆಯಾಗಿ ಕಾಣಿಸಿಕೊಂಡಿಲ್ಲ. ಹಾವಿಗೆ ಪೂಜೆ ಸಲ್ಲುತ್ತದೆ. ಗೆದ್ದಲು ಹಾಳುಮಾಡುವ ಹುಳುವೆಂದೇ ಎಣಿಕೆಯಾಗಿದೆ.

ಮಣ್ಣನ್ನು ಹದಗೊಳಿಸುವಲ್ಲಿ ಎರೆಹುಳುವಿನ ಪಾತ್ರವನ್ನು ಚಾರ್ಲ್ಸ್ ಡಾರ್ವಿನ್ 1881ರ ತನ್ನ ಗ್ರಂಥದಲ್ಲಿ ವಿವರಿಸಿದನು. ಆದರೆ ಎರೆಹುಳುವಿಗೆ ತೇವ ಬೇಕು. ವರ್ಷದ ಬಹುಕಾಲ ಒಣಗಿರುವ ನೆಲದಲ್ಲಿ ಆ ಕೆಲಸದ ದೊಡ್ಡ ಪಾಲನ್ನು ಗೆದ್ದಲು ಮತ್ತು ಇರುವೆಗಳು ನಿರ್ವಹಿಸುತ್ತವೆ. ನಮ್ಮಲ್ಲಿ ಹುತ್ತ ಕಟ್ಟುವ ಗೆದ್ದಲುಗಳು ಒಣಹುಲ್ಲು, ಸಗಣಿ, ಕಟ್ಟಿಗೆಗಳನ್ನು ಒಳಗೆ ಸಾಗಿಸಿ ಅವುಗಳ ಮೇಲೆ ಒಂದು ಬಗೆಯ ಶಿಲೀಂಧ್ರವನ್ನು ಬೆಳೆಸುತ್ತವೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಈ ಕೃಷಿಯ ಫಲವೇ ಆಗಿದೆ. ಕೆಂಪು ನೆಲದ ಮೇಲ್ಪದರವು ಮಳೆಯ ಹೊಡೆತಕ್ಕೆ ಗಟ್ಟಿಯಾಗಿ ನೀರು ಹರಿದುಹೋಗುವಾಗ, ಗೆದ್ದಲು ಕೊರೆದ ಸುರಂಗಗಳು ಅದನ್ನು ಒಳಕ್ಕೆ ಇಳಿಸುತ್ತವೆ.

ಪಶ್ಚಿಮ ಆಸ್ಟ್ರೇಲಿಯಾದ ಒಣಭೂಮಿಯಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಇರುವೆ ಮತ್ತು ಗೆದ್ದಲುಗಳಿದ್ದ ಗೋಧಿ ಹೊಲಗಳ ಇಳುವರಿ ಅವುಗಳನ್ನು ನಿವಾರಿಸಿದ ಹೊಲಗಳಿಗಿಂತ ಶೇ. 36ರಷ್ಟು ಹೆಚ್ಚಾಗಿತ್ತು. ನೀರಿನ ಇಂಗುವಿಕೆ ಮತ್ತು ಮಣ್ಣಿನ ಸಾರಜನಕ ಹೆಚ್ಚಿದ್ದೇ ಅದಕ್ಕೆ ಕಾರಣವೆಂದು ಗುರುತಿಸಲಾಯಿತು. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದ ರೈತರಿಗೆ ಇದು ರೂಢಿಯ ತಿಳಿವಳಿಕೆ. ಅವರು ಬಂಜರು ನೆಲದಲ್ಲಿ 'ಜಾಯ್' ಎಂಬ ಗುಂಡಿ ತೋಡಿ ಗೊಬ್ಬರ ತುಂಬುತ್ತಾರೆ. ಅದಕ್ಕೆ ಬರುವ ಗೆದ್ದಲುಗಳೇ ನೆಲವನ್ನು ಸಡಿಲಗೊಳಿಸುತ್ತವೆ.

ನಮ್ಮ ಪರಂಪರೆಗೂ ಈ ದೃಷ್ಟಿ ಅಪರಿಚಿತವಲ್ಲ. ಆರನೆಯ ಶತಮಾನದ ವರಾಹಮಿಹಿರನು 'ಬೃಹತ್ಸಂಹಿತೆ'ಯ ದಕಾರ್ಗಲ ಅಧ್ಯಾಯದಲ್ಲಿ, ಕೆಲವು ಮರಗಳ ಬಳಿಯ ಹುತ್ತವನ್ನು ಅಂತರ್ಜಲದ ಕುರುಹಾಗಿ ಹೇಳಿದ್ದಾನೆ. ಇಂತಹ ಹೇಳಿಕೆಗಳನ್ನೆಲ್ಲ ವಿಜ್ಞಾನವೆಂದು ಒಪ್ಪಬೇಕಾಗಿಲ್ಲ. ಹುತ್ತವನ್ನು ನೆಲದೊಡನೆ ಸೇರಿಸಿ ನೋಡಿದ ಕಣ್ಣು ಅಲ್ಲಿರುವುದು ಮುಖ್ಯ. ಶೇಂಗಾ, ಕಬ್ಬು ಮೊದಲಾದ ಬೆಳೆಗಳಿಗೆ ಗೆದ್ದಲಿನಿಂದ ಹಾನಿಯಾಗುವುದೂ ನಿಜ. ಆದುದರಿಂದ ರೈತನ ದೂರು ಅಜ್ಞಾನವಲ್ಲ, ಅನುಭವ.

ಈ ಎರಡು ಭಾವಗಳ ನಡುವೆ ಹುತ್ತವನ್ನು ಉಳಿಸಿದ್ದು ನಂಬಿಕೆ. ಹಾವಿನ ಭಯಭಕ್ತಿಯಿಂದ ರೈತನು ನೇಗಿಲನ್ನು ಬಳಸಿ ಹೊಡೆದನು. ಅದರ ಮರೆಯಲ್ಲಿ ಗೆದ್ದಲಿಗೂ ರಕ್ಷಣೆ ದೊರೆಯಿತು. ಬದುಗಳನ್ನು ಯಂತ್ರದಿಂದ ಸಮಗೊಳಿಸುವಲ್ಲಿ ಆ ರಕ್ಷಣೆ ಸಡಿಲಗೊಳ್ಳುತ್ತದೆ. ಆದುದರಿಂದ ಕ್ಷೇತ್ರಕಾರ್ಯದಲ್ಲಿ ತೊಡಗಿರುವವರು ಹಾಡು, ಐತಿಹ್ಯಗಳೊಡನೆ ಹುತ್ತದ ಜಾಗ, ಅದರ ಮಣ್ಣಿನ ಬಳಕೆ, ಅಣಬೆ ಏಳುವ ಮಳೆ, ಸುತ್ತಲಿನ ಬೆಳೆಯ ಸ್ಥಿತಿ ಇವುಗಳನ್ನೂ ದಾಖಲಿಸುವುದು ಅಗತ್ಯ. ಹುತ್ತ ಅಳಿದ ಊರಿನಲ್ಲಿ ಹಾಡನ್ನು ಮುಂದೆಯೂ ಸಂಗ್ರಹಿಸಬಹುದು. ಈ ವಿವರಗಳನ್ನು ಹೇಳಬಲ್ಲವರು ಅಲ್ಲಿ ದೊರೆಯಲಾರರು.